ಮೀಸೆಯವರ ಸುರುಳಿ ಮೆಟ್ಟಿಲು

ನನಗೆ ಮೆಟ್ಟಿಲು ಬರೆಯಲು ಬರುವುದಿಲ್ಲ. ಮರ ಬರುತ್ತದೆ, ಮೋಡ ಬರುತ್ತದೆ, ಸ್ವಲ್ಪ ದೂರ ನಿಂತು ನೋಡಿದರೆ ಹಸು ಎಂದು ಒಪ್ಪಿಕೊಳ್ಳಬಹುದಾದ ಹಸುವೂ ಬರುತ್ತದೆ. ಮೆಟ್ಟಿಲು ಮಾತ್ರ ಬರುವುದಿಲ್ಲ. ಅದರಲ್ಲೂ ಕಬ್ಬಿಣದ ಸುರುಳಿ ಮೆಟ್ಟಿಲು ಕಂಡರೆ ನನ್ನ ಬ್ರಷ್ಷು ಅಲ್ಲೇ ಮುಷ್ಕರ ಹೂಡುತ್ತದೆ. ಈ ಒಂದು ಕೊರತೆಯಿಂದ ಇಡೀ ಬೀದಿ ನನ್ನ ಮೇಲೆ ತಿರುಗಿಬಿದ್ದಿತು, ನಾನು ಇರುವ ಒಂದು ಮನೆಯನ್ನೂ ಕಳೆದುಕೊಳ್ಳುವ ಹಂತಕ್ಕೆ ಬಂದೆ ಎಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೆ ನನ್ನ ಹೆಂಡತಿಯನ್ನು ಕೇಳಿ. ಆದರೆ ನಾನು ಹೇಳಿದೆ ಅನ್ನಬೇಡಿ.

ನಾನು ನಗರಸಭೆಯ ಉಗ್ರಾಣದಲ್ಲಿ ಕೆಲಸ ಮಾಡುವವನು. ಪೊರಕೆ, ಬುಟ್ಟಿ, ಸಲಿಕೆ, ಬ್ಲೀಚಿಂಗ್ ಪುಡಿ ಇವುಗಳ ಯೋಗಕ್ಷೇಮ ನನ್ನದು. ಬೀದಿಯವರು ಎದುರಿಗೆ 'ಸಾರ್' ಎಂದು, ಬೆನ್ನ ಹಿಂದೆ 'ಪೊರಕೆ ಸಾಹೇಬ್ರು' ಎಂದು ಕರೆಯುತ್ತಾರೆ. ಆ ಹೆಸರನ್ನು ಒರೆಸಿ ಹಾಕಿ 'ಕಲಾವಿದರು' ಅನ್ನಿಸಿಕೊಳ್ಳಬೇಕೆಂಬ ಹುಳ ಯಾವಾಗ ತಲೆಗೆ ಹೊಕ್ಕಿತೋ ತಿಳಿಯದು. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ನಾನು ಎಣ್ಣೆ ಬಣ್ಣ, ಕ್ಯಾನ್ವಾಸು, ಟರ್ಪೆಂಟೈನು ಮತ್ತು 'ನೀವೂ ಚಿತ್ರ ಬರೆಯಬಹುದು' ಎಂದು ಧೈರ್ಯ ಹೇಳುವ ಒಂದು ಕೈಪಿಡಿಯನ್ನು ಮನೆಗೆ ತಂದುಕೊಂಡೆ.

ಮನೆಯ ಹಿಂದಿನ ಸಾಮಾನಿನ ಕೋಣೆಗೆ ಸ್ಟುಡಿಯೋ ಎಂದು ನಾಮಕರಣವಾಯಿತು. ಮೊದಲು ಕೆಟಲ್ ಬರೆದೆ. ಆಮೇಲೆ ಮುರಿದ ಛತ್ರಿ ಬರೆದೆ. ಧೈರ್ಯ ಹೆಚ್ಚಾಗಿ ಹೆಂಡತಿಯನ್ನೇ ಕುರ್ಚಿಯ ಮೇಲೆ ಕೂರಿಸಿ ಬರೆದೆ. ಆಕೆಯ ಅಕ್ಕ ಬಂದವರು ಅದನ್ನು ಬಹಳ ಹೊತ್ತು ನೋಡಿ, ಕಣ್ಣು ಒದ್ದೆ ಮಾಡಿಕೊಂಡು, "ನಿಮ್ಮ ಮಾವನವರು ಕೊನೇಗಾಲದಲ್ಲಿ ತುಂಬಾ ಸೊರಗಿದ್ರು ಅಲ್ವೇನೆ?" ಎಂದರು.

ಹೆಂಡತಿ ಆ ದಿನ ಏನೂ ಹೇಳಲಿಲ್ಲ. ಮರುದಿನ ಹಾಲಿನಲ್ಲಿ ಟರ್ಪೆಂಟೈನ್ ವಾಸನೆ ಬಂದಾಗ ಎರಡನ್ನೂ ಸೇರಿಸಿ ಹೇಳಿದಳು.

"ಬೀದೀಲಿ ನಿಂತು ಬರೀರಿ. ಮರ ಗಿಡ ಹೇಗೆ ಬರೆದ್ರೂ ಏನೂ ಅಂದ್ಕೊಳ್ಳಲ್ಲ. ಅವಕ್ಕೆ ಅಕ್ಕಂದಿರಿಲ್ಲ."

ಹೀಗೆ ನಾನು ಹೊರಾಂಗಣ ಚಿತ್ರಕಲೆಗೆ ಇಳಿದೆ.

ಇಲ್ಲಿ ನಮ್ಮ ಬೀದಿಯ ವಿಷಯ ಹೇಳಲೇಬೇಕು. ನಮ್ಮದು ತುದಿ ಮುಚ್ಚಿದ ಬೀದಿ. ಕಸದ ಲಾರಿ ಒಳಗೆ ಬಂದರೆ ತಿರುಗಲು ಜಾಗವಿಲ್ಲದೆ, ಇಡೀ ಬೀದಿಗೆ ಕೇಳುವಂತೆ ಕಿರುಚುತ್ತಾ ಹಿಂದೆ ಹಿಂದೆಯೇ ಹೋಗಬೇಕು. ಕಳೆದ ವರ್ಷ ಹಾಗೆ ಹೋಗುವಾಗ ಒಂದು ಕಾಂಪೌಂಡು ಗೋಡೆಯನ್ನು ಮಲಗಿಸಿತು. ಅದಾದ ಮೇಲೆ ನಗರಸಭೆಯವರು, ಲಾರಿ ತಿರುಗಲು ಈ ಬೀದಿಯ ಒಂದು ಮನೆಯನ್ನು ತೆಗೆಯಲಾಗುವುದು ಎಂದು ಪ್ರಕಟಿಸಿದರು. ಯಾವ ಮನೆ ಎಂದು ಹೇಳಲಿಲ್ಲ. ಅಳತೆಗೆ ಬಂದವರನ್ನು ಬೀದಿಯವರು ಒಳಗೆ ಬಿಡಲಿಲ್ಲ. ಅಂದಿನಿಂದ ಪ್ರತಿ ಮನೆಯವರೂ ಪಕ್ಕದ ಮನೆಯೇ ಹೋಗಲಿ ಎಂದು ಒಳಗೊಳಗೇ ಹಾರೈಸುತ್ತಾ, ಹೊರಗೆ ಬಹಳ ಅನ್ಯೋನ್ಯವಾಗಿದ್ದರು.

ನಾನು ನಗರಸಭೆಯವನಾದ್ದರಿಂದ ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ಅಸಲಿಗೆ ಉಗ್ರಾಣದವನಿಗೆ ಪೊರಕೆ ಎಷ್ಟು ಸವೆಯಿತು ಎಂಬುದರ ಹೊರತು ಬೇರೆ ಗುಟ್ಟು ಗೊತ್ತಿರುವುದಿಲ್ಲ. ಆದರೆ ಗೊತ್ತಿಲ್ಲ ಎನ್ನಲು ಯಾರಿಗೆ ಮನಸ್ಸು ಬರುತ್ತದೆ? ನಾನು ಆಕಾಶ ನೋಡಿ, ತುಟಿಯಂಚಿನಲ್ಲಿ ನಕ್ಕು, "ನೋಡೋಣ" ಎನ್ನುತ್ತಿದ್ದೆ. ಆ ನಗು ನನ್ನ ಕುತ್ತಿಗೆಗೆ ಬರುತ್ತದೆಂದು ನನಗೇನು ಗೊತ್ತಿತ್ತು!

ಬೀದಿಯ ಬಾಯಲ್ಲಿ ಒಂದು ಮರವಿದೆ. ಒಂದು ಭಾನುವಾರ ಅದರ ಕೆಳಗೆ ನಿಂತು ಬೀದಿಯನ್ನೇ ಬರೆಯತೊಡಗಿದೆ. ಕೈಪಿಡಿಯಲ್ಲಿ ಹೇಳಿದಂತೆ ಒಂದು ಕಣ್ಣು ಮುಚ್ಚಿ, ಕೈ ಮುಂದೆ ಚಾಚಿ, ಬ್ರಷ್ಷನ್ನು ನೆಟ್ಟಗೆ ಹಿಡಿದು, ಹೆಬ್ಬೆಟ್ಟನ್ನು ಮೇಲೆ ಕೆಳಗೆ ಜಾರಿಸಿ ಒಂದೊಂದು ಮನೆಯನ್ನೂ ಅಳೆದೆ. ಅಳೆದ ಮೇಲೆ ಆ ಅಳತೆಯನ್ನು ಏನು ಮಾಡಬೇಕೆಂಬುದು ಮುಂದಿನ ಪುಟದಲ್ಲಿತ್ತು. ನಾನು ಅದನ್ನು ಓದಿರಲಿಲ್ಲ. ಆದರೂ ಗಂಭೀರವಾಗಿ ಅಳೆದೆ. ಒಂದೊಂದಾಗಿ ಕಿಟಕಿಗಳ ಪರದೆ ಸರಿದದ್ದು, ಒಣಗಲು ಹಾಕಿದ ಬಟ್ಟೆಯ ಹಿಂದೆ ತಲೆಗಳು ಮೂಡಿದ್ದು ಕಂಡಿತು. ಕಲೆಗೆ ಜನ ಎಷ್ಟು ಹಸಿದಿದ್ದಾರೆ ಎಂದುಕೊಂಡು ಇನ್ನಷ್ಟು ಅಳೆದೆ.

ಎಲ್ಲ ಮನೆಗಳೂ ಬಂದವು. ನಮ್ಮ ಮನೆ, ಅದರ ಪಕ್ಕ ದರ್ಜಿಯ ಮನೆ, ಸಂಗೀತದ ಮೇಡಂ ಮನೆ. ನಮ್ಮ ಮನೆಗೂ ಮೇಡಂ ಮನೆಗೂ ನಡುವಿನ ಮೀಸೆಯವರ ಮನೆಗೆ ಬಂದಾಗ ಕೈ ನಿಂತಿತು. ಮೀಸೆಯವರು ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಹೆಸರು ಬೇರೆ ಇರಬೇಕು, ಆದರೆ ಆ ಮೀಸೆಯ ಎದುರಿಗೆ ನಿಂತು ಹೆಸರು ಕೇಳುವ ಗಂಡಸು ನಮ್ಮಲ್ಲಿ ಹುಟ್ಟಿರಲಿಲ್ಲ. ಅವರ ಮನೆಯ ಮುಂದೆಯೇ, ನೆಲದಿಂದ ತಾರಸಿಯವರೆಗೆ, ಆ ಕಬ್ಬಿಣದ ಸುರುಳಿ ಮೆಟ್ಟಿಲು! ಬರೆದೆ, ಒರೆಸಿದೆ. ಬರೆದೆ, ಒರೆಸಿದೆ. ಕೊನೆಗೆ ಇಡೀ ಮನೆಯನ್ನೇ ಒರೆಸಿ ಆ ಜಾಗದಲ್ಲಿ ಒಂದು ಮರ ಬರೆದೆ. ಮರ ಬಹಳ ಚೆನ್ನಾಗಿ ಬಂತು.

ಅಷ್ಟರಲ್ಲಿ ದರ್ಜಿ ಬೆನ್ನ ಹಿಂದೆ ಬಂದು ನಿಂತಿದ್ದ.

"ಸಾರ್, ಇದು ನಮ್ಮ ಬೀದೀನಾ?"

"ಮತ್ತೆ?"

"ಇದು ನಮ್ಮನೆ. ಇದು ನಿಮ್ಮನೆ. ಇದು ಮೇಡಂ ಮನೆ..." ಅವನ ಬೆರಳು ಮರದ ಹತ್ತಿರ ಬಂದು ನಿಂತಿತು. ಧ್ವನಿ ಪಿಸುಮಾತಿಗೆ ಇಳಿಯಿತು. "ಇಲ್ಲಿ ಮೀಸೆಯವರ ಮನೆ ಇರಬೇಕಿತ್ತಲ್ಲಾ ಸಾರ್?"

ನನಗೆ ಮೆಟ್ಟಿಲು ಬರುವುದಿಲ್ಲ ಎಂದು ಒಬ್ಬ ದರ್ಜಿಯ ಎದುರು ಒಪ್ಪಿಕೊಳ್ಳುವುದೇ?

"ಒಟ್ಟು ನೋಟಕ್ಕೆ ಆ ಮನೆ ಹೊಂದೋದಿಲ್ಲ" ಎಂದೆ.

"ಮನೆ ತೆಗೆದ ಮೇಲೆ ಮರ ನೆಡ್ತಾರಾ ಸಾರ್?"

ಬಾಯಲ್ಲಿ ಬ್ರಷ್ಷಿತ್ತು. ಆಕಾಶ ನೋಡಿ ನಕ್ಕು, "ನೋಡೋಣ" ಎಂದೆ.

ದರ್ಜಿ ಹೋದ. ಓಡಲಿಲ್ಲ, ಆದರೆ ನಡೆಯಲೂ ಇಲ್ಲ. ನಾನು ಮರಕ್ಕೆ ಇನ್ನೆರಡು ಎಲೆ ಸೇರಿಸುವಷ್ಟರಲ್ಲಿ ಬೀದಿಯ ಅಷ್ಟೂ ಬಾಗಿಲುಗಳು ತೆರೆದವು. ಮೀಸೆಯವರ ಮನೆಯ ಬಾಗಿಲು ಕೊನೆಗೆ ತೆರೆಯಿತು. ಮೊದಲು ಬೆತ್ತ ಬಂತು, ಆಮೇಲೆ ಮೀಸೆ, ಆಮೇಲೆ ಅವರು.

ನಾನು ಹುಟ್ಟಾ ಪುಕ್ಕಲ. ಪೊರಕೆ ಕೊಡುವಾಗ ಜೇಡ ಬಿದ್ದರೂ ಕುರ್ಚಿ ಹತ್ತುವವನು. ಮೀಸೆಯವರು ಚಿತ್ರದ ಮುಂದೆ ನಿಂತು ಬೆತ್ತದ ತುದಿಯಿಂದ ನನ್ನ ಮರವನ್ನು ಮುಟ್ಟಿದಾಗ ಬಣ್ಣ ಕಲಸುವ ಪ್ಯಾಲೆಟ್ಟನ್ನು ಎದೆಗೆ ಅಡ್ಡ ಹಿಡಿದುಕೊಂಡೆ.

"ಯಾರು ಹೇಳಿದ್ದು?"

"ಯಾ... ಯಾರೂ ಹೇಳಿಲ್ಲ. ನನಗೇ ಹಾಗನ್ನಿಸ್ತು."

"ಓಹೋ! ನಿಮಗೇ ಅನ್ನಿಸ್ತು! ಪೊರಕೆ ಹಂಚೋರಿಗೆಲ್ಲ ಈಗ ಮನೆ ತೆಗೆಯೋ ಅಧಿಕಾರ ಕೊಟ್ಟಿದ್ದಾರೆ!"

"ಇದು ಬರೀ ಚಿತ್ರ..."

"ನಾನು ಎಷ್ಟು ಕಳ್ಳರನ್ನ ನೋಡಿದ್ದೀನಿ ಗೊತ್ತಾ? ಕಳ್ಳತನಕ್ಕೆ ಮುಂಚೆ ಎಲ್ಲರೂ ಹೀಗೇ ಒಂದು ಕಣ್ಣು ಮುಚ್ಚಿ ಮನೆ ನೋಡ್ತಾರೆ. ಇವತ್ತು ಸಂಜೆಯೊಳಗೆ ನಮ್ಮನೆ ಈ ಚಿತ್ರದಲ್ಲಿ ಇರಬೇಕು. ಇಲ್ದಿದ್ರೆ..." ಅವರು ನನ್ನ ಹೆಬ್ಬೆಟ್ಟನ್ನು ಬೆತ್ತದಿಂದ ಮೆಲ್ಲಗೆ ತಟ್ಟಿದರು. "ಇದು ನಿಮ್ಮ ಕೈಯಲ್ಲಿ ಇರಲ್ಲ."

ಚಿತ್ರವನ್ನು ಎತ್ತಿಕೊಂಡು ಮನೆಗೆ ಓಡಿದೆ. ಹೆಂಡತಿ ಅಕ್ಕನ ಮನೆಗೆ ಹೋಗಿದ್ದಳು. ಸ್ಟುಡಿಯೋ ಬಾಗಿಲು ಹಾಕಿಕೊಳ್ಳಬೇಕೆಂದರೆ ಬೀದಿಗೆ ಬೀದಿಯೇ ಹಿಂದೆ ಬಂದು ಒಳಗೆ ತುಂಬಿಕೊಂಡಿತ್ತು. ಹಳೆಯ ಟಬ್ಬಿನ ಮೇಲೆ ಮೀಸೆಯವರು, ಹೊಲಿಗೆ ಯಂತ್ರದ ಮೇಲೆ ದರ್ಜಿ, ಬಾಗಿಲಿಗೆ ಅಡ್ಡವಾಗಿ ಸಂಗೀತದ ಮೇಡಂ. ಕುಳಿತಿರುವವರ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು.

ಮರ ಒರೆಸಿ ಮೀಸೆಯವರ ಮನೆಯನ್ನೇನೋ ಬರೆದೆ. ಆದರೆ ಆ ಮೆಟ್ಟಿಲನ್ನು ಸಣ್ಣದಾಗಿ ಬರೆಯುವ ವಿದ್ಯೆ ನನಗೆ ಸುತರಾಂ ತಿಳಿಯದು. ಅದಕ್ಕೆ ಜಾಗ ಬೇಕಾಯಿತು. ಜಾಗಕ್ಕಾಗಿ ಮೇಡಂ ಮನೆಯನ್ನು ಬ್ರಷ್ಷಿನಿಂದ ಚೂರು ಒತ್ತಿದೆ.

"ಅಯ್ಯೋ! ನಮ್ಮ ಹಜಾರ!" ಎಂದು ಮೇಡಂ ತಾರಸ್ಥಾಯಿಯಲ್ಲಿ ಕೂಗಿದರು. "ಪಾಠದ ಕೋಣೇನೇ ಹೋಯ್ತಲ್ರೀ! ಮಕ್ಕಳು ಎಲ್ಲಿ ಕೂತ್ಕೋಬೇಕು?"

ಹೆದರಿ ಅದನ್ನು ಮೊದಲಿನಂತೆ ಮಾಡಿ ದರ್ಜಿಯ ಮನೆಯನ್ನು ಒತ್ತಿದೆ.

"ಸಾರ್, ಅಳತೆ ವಿಷಯ ನನಗೆ ಹೇಳಿಕೊಡಬೇಡಿ. ನಮ್ಮನೇನ ಆ ಕಡೆ ಬಿಗಿ ಹಿಡಿದ್ರಿ. ಬಿಚ್ಚಿ."

ಬಿಚ್ಚಿದೆ. ಮೀಸೆಯವರು ಟಬ್ಬಿನ ಮೇಲೆ ಬೆತ್ತದಿಂದ ತಾಳ ಹಾಕತೊಡಗಿದರು. ನನ್ನ ಹಣೆಯ ಬೆವರು ಪ್ಯಾಲೆಟ್ಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಯಾವ ಮನೆಯ ಹತ್ತಿರ ಬ್ರಷ್ಷು ಹೋದರೂ ಆ ಮನೆಯವರು ಬೊಬ್ಬೆ ಹಾಕುತ್ತಿದ್ದರು. ಒಂದೇ ಒಂದು ಮನೆಯ ಹತ್ತಿರ ಹೋದಾಗ ಮಾತ್ರ ಯಾರೂ ಉಸಿರೆತ್ತಲಿಲ್ಲ. ಅಬ್ಬ, ಒಬ್ಬ ಪುಣ್ಯಾತ್ಮನಾದರೂ ಸುಮ್ಮನಿದ್ದಾನಲ್ಲ ಎಂದು ಮನಸ್ಸಿನಲ್ಲೇ ಅವನಿಗೆ ಕೈಮುಗಿದು ಟರ್ಪೆಂಟೈನ್ ಬಟ್ಟೆಯಿಂದ ಆ ಮನೆಯನ್ನು ಪೂರ್ತಿ ಒರೆಸಿದೆ. ಅಲ್ಲಿಗೆ ಮೀಸೆಯವರ ಮೆಟ್ಟಿಲು ಸಲೀಸಾಗಿ ಬಂದು ಕೂತಿತು.

ಮೀಸೆಯವರು ಎದ್ದು ಹತ್ತಿರದಿಂದ ನೋಡಿದರು.

"ಇದೇನು, ಹಾವಾ?"

"ಮೆಟ್ಟಿಲು."

"ಹತ್ತಬಹುದಾ?"

"ನಿಧಾನವಾಗಿ."

ಅವರು ಹೂಂ ಎಂದರು. ಆದರೆ ಪೊಲೀಸ್ ಬುದ್ಧಿ ಎಲ್ಲಿಗೆ ಹೋಗುತ್ತದೆ? "ನಾವು ಹೋದ ಮೇಲೆ ಇವರು ಒರೆಸಿಬಿಟ್ರೆ? ಎಲ್ಲರೂ ಅವರವರ ಮನೆ ಮೇಲೆ ಹೆಬ್ಬೆಟ್ಟು ಒತ್ತಿ. ಆಮೇಲೆ ಯಾರು ಮುಟ್ಟಿದ್ರೂ ಗೊತ್ತಾಗತ್ತೆ."

ಎಣ್ಣೆ ಬಣ್ಣ ದಿನಗಟ್ಟಲೆ ಒಣಗುವುದಿಲ್ಲ. ಒಬ್ಬೊಬ್ಬರೂ ಬಂದು ತಮ್ಮ ತಮ್ಮ ಮನೆಯ ಮೇಲೆ ಹೆಬ್ಬೆಟ್ಟು ಒತ್ತಿ, ಬೆರಳಿನ ಬಣ್ಣವನ್ನು ನನ್ನ ಕಿಟಕಿಯ ಪರದೆಗೆ ಒರೆಸಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಮೀಸೆಯವರು ಚಿತ್ರವನ್ನೂ ನನ್ನನ್ನೂ ಮುಂದಿಟ್ಟುಕೊಂಡು ನಗರಸಭೆಗೆ ಹೊರಟರು. ಹಿಂದೆ ಬೀದಿಯವರೆಲ್ಲ. ಹಸಿ ಬಣ್ಣ ಬಟ್ಟೆಗೆ ತಾಗೀತೆಂದು ದಾರಿಯ ಜನ ಸರಿದು ಜಾಗ ಬಿಡುತ್ತಿದ್ದರು. ಅಷ್ಟು ಮರ್ಯಾದೆಯಿಂದ ನಾನು ಆಫೀಸಿಗೆ ಹೋದದ್ದು ಅದೇ ಮೊದಲು. ಅಷ್ಟು ಹೆದರಿಕೊಂಡು ಹೋದದ್ದೂ ಅದೇ ಮೊದಲು.

ಎಂಜಿನಿಯರ್ ಸಾಹೇಬರು ಮೀಸೆಯನ್ನು ಕಂಡೊಡನೆ ಕುರ್ಚಿಯನ್ನು ಗೋಡೆಗೆ ಸರಿಸಿಕೊಂಡರು. ಅಳತೆಗೆ ಬಂದಾಗ ಆ ಬೆತ್ತದ ಪರಿಚಯ ಅವರಿಗೂ ಆಗಿತ್ತು.

"ಇದು ನಮ್ಮ ಬೀದಿ ತೀರ್ಮಾನ" ಎಂದರು ಮೀಸೆಯವರು. "ಎಲ್ಲರೂ ಹೆಬ್ಬೆಟ್ಟು ಹಾಕಿದ್ದಾರೆ. ಇದರಲ್ಲಿ ಇರೋ ಮನೆಗಳನ್ನ ಯಾರೂ ಮುಟ್ಟೋ ಹಾಗಿಲ್ಲ. ಒಂದು ಗೆರೆ ಆಚೀಚೆ ಆಗಕೂಡದು."

"ಅಂದ್ರೆ... ಇದರಲ್ಲಿ ಇಲ್ಲದ ಮನೆ ತಗೋಬಹುದಾ?" ಸಾಹೇಬರ ಮುಖ ಅರಳಿತು. ವರ್ಷವಿಡೀ ಬಗೆಹರಿಯದ್ದು ಬಾಗಿಲಿಗೇ ಬಂದಿತ್ತು. "ಯಾರದು ಅದು?"

ದರ್ಜಿ ಕೆಮ್ಮಿದ.

"ಇವರದೇ ಸಾರ್."

ನಾನು ಬಗ್ಗಿ ಚಿತ್ರ ನೋಡಿದೆ. ದರ್ಜಿಯ ಮನೆ ಇತ್ತು. ಅದರ ಪಕ್ಕದಲ್ಲಿ, ನನ್ನ ಮನೆ ಇರಬೇಕಾದಲ್ಲಿ, ಮೀಸೆಯವರ ಮೆಟ್ಟಿಲು ಹೆಡೆಯೆತ್ತಿ ನಿಂತಿತ್ತು. ಸುಮ್ಮನಿದ್ದ ಆ ಪುಣ್ಯಾತ್ಮ ನಾನೇ!

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಭುಜದ ಮೇಲೆ ಮೀಸೆಯವರ ಕೈ ಬಂದು ಕೂತಿತು. ಎದುರಿಗೆ ಸಾಹೇಬರು ಎದ್ದು ಬಂದು, ಅಂಗಿಗೆ ಬಣ್ಣ ಮೆತ್ತಿದ್ದನ್ನೂ ಲೆಕ್ಕಿಸದೆ ನನ್ನನ್ನು ತಬ್ಬಿಕೊಂಡರು.

"ಇಲಾಖೆಗೋಸ್ಕರ ಸ್ವಂತ ಮನೆ ಬಿಟ್ಟುಕೊಡ್ತೀರಲ್ರೀ! ಎಂಥಾ ನೌಕರ! ಎಲ್ಲರೂ ನೋಡಿ ಕಲೀಬೇಕು!"

ಗುಮಾಸ್ತರು ಚಪ್ಪಾಳೆ ತಟ್ಟಿದರು. ಬೀದಿಯವರು ಅವರಿಗಿಂತ ಜೋರಾಗಿ ತಟ್ಟಿದರು. ನಾನು ಏನು ಮಾಡಿದೆ ಎಂದು ಕೇಳುತ್ತೀರಾ? ಕೈಮುಗಿದು, "ನಿಮ್ಮ ಆಶೀರ್ವಾದ" ಎಂದೆ. ಹೆದರಿದವನ ಬಾಯಿಗೆ ಬರುವುದೇ ಇಂಥ ಮಾತು.

ಸಾಹೇಬರು ಚಿತ್ರದ ಆಕಾಶದಲ್ಲಿ ನಗರಸಭೆಯ ದುಂಡು ಮೊಹರು ಒತ್ತಿ ಸಹಿ ಹಾಕಿದರು. "ಒಣಗೋವರೆಗೆ ನಿಮ್ಮ ಹತ್ರಾನೇ ಇರಲಿ. ನಾಳೆ ಬೆಳಿಗ್ಗೆ ಬಂದು ಗೋಡೆಗೆ ಕೆಂಪು ಗುರುತು ಹಾಕ್ತೀವಿ."

ಮನೆಗೆ ಹೋಗುವ ದಾರಿಯಲ್ಲಿ ಲಾರಿಯೇ ಬಂದು ನನ್ನ ಮೇಲೆ ಹಾಯಬಾರದೇ ಅನ್ನಿಸಿತು. ಲಾರಿಯಾದರೆ ಒಂದೇ ಸಲ. ಹೆಂಡತಿ ಅಕ್ಕನ ಮನೆಯಿಂದ ಬಂದಿದ್ದಳು. ಎಲ್ಲವನ್ನೂ ಹೇಳಿದೆ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಎದ್ದುಹೋಗಿ ಅಡುಗೆಮನೆಯ ಗೋಡೆಗೆ ಕೈಯಿಟ್ಟು ನಿಂತಳು. ಈ ಮನೆ ಕಟ್ಟುವಾಗ ಕೆಲಸದವರು ಬಾರದ ದಿನಗಳಲ್ಲಿ, ಬಸಿರಿಯಾಗಿದ್ದರೂ, ಕೊಡದಲ್ಲಿ ನೀರು ಹೊತ್ತು ಆ ಗೋಡೆಗಳನ್ನು ನೆನೆಸಿದವಳು ಅವಳೇ. ನಾನು ಆಗ ಉಗ್ರಾಣದಲ್ಲಿ ಪೊರಕೆ ಎಣಿಸುತ್ತಿದ್ದೆ. ಅವಳ ಬೆನ್ನು ನೋಡುತ್ತಾ ನನಗೆ ಮೊದಲ ಸಲ ಹೆದರಿಕೆಗಿಂತ ದೊಡ್ಡದೇನೋ ಆಯಿತು. ಅಳು ಬಂತು.

"ಬಣ್ಣ ಉಳಿದಿದ್ಯಾ?" ಎಂದಳು, ತಿರುಗದೆ.

"ಇದೆ."

"ಚಿತ್ರದಲ್ಲಿ ಇರೋ ಮನೆ ಯಾರೂ ಮುಟ್ಟೋ ಹಾಗಿಲ್ಲ ತಾನೆ? ನಮ್ಮನೆ ಬರೀರಿ."

"ಜಾಗ ಎಲ್ಲಿದೆ? ಯಾವ ಮನೆ ಒತ್ತಿದ್ರೂ ಹೆಬ್ಬೆಟ್ಟು ಅಳಿಸಿಹೋಗತ್ತೆ. ಮೀಸೆಯವರು ನನ್ನ..."

"ಮನೆಗಳನ್ನ ಯಾರು ಮುಟ್ಟು ಅಂದ್ರು? ರಸ್ತೆ ಇದೆಯಲ್ಲ."

ನಾನು ರಸ್ತೆಯನ್ನು ನೋಡಿದೆ. ಬೀದಿಯ ಬಾಯಿಯಿಂದ ತುದಿಯವರೆಗೆ ಬೂದು ಬಣ್ಣದಲ್ಲಿ ಧಾರಾಳವಾಗಿ ಬಿದ್ದುಕೊಂಡಿತ್ತು. ಅದರ ಮೇಲೆ ಯಾರ ಹೆಬ್ಬೆಟ್ಟೂ ಇರಲಿಲ್ಲ.

"ರಸ್ತೆ ಮೇಲೆ ಮನೇನಾ? ಅಡ್ಡ ಬರತ್ತಲ್ಲೇ!"

"ಬರಲಿ."

ಬರೆದೆ. ಗೋಡೆಗಳು ಸ್ವಲ್ಪ ಅಲೆಅಲೆಯಾದವು. ಬೀದಿಯ ಬಾಯಿಯಲ್ಲೇ, ಈ ಅಂಚಿನಿಂದ ಆ ಅಂಚಿಗೆ, ನಮ್ಮ ಮನೆ ಎದ್ದು ನಿಂತಿತು. ಹೆಂಡತಿ ಪಕ್ಕದಲ್ಲಿ ನಿಂತು ಬಾಗಿಲು ಎಲ್ಲಿ, ಕಿಟಕಿ ಎಲ್ಲಿ ಎಂದು ಹೇಳಿದಳು. ಕೊನೆಗೆ ಹೆಬ್ಬೆಟ್ಟನ್ನು ಬಣ್ಣಕ್ಕೆ ಅದ್ದಿ ಬಾಗಿಲಿನ ಮೇಲೆ ಬಲವಾಗಿ ಒತ್ತಿದಳು.

ಬೆಳಿಗ್ಗೆ ಸಾಹೇಬರು ಕೆಂಪು ಬಣ್ಣದ ಡಬ್ಬಿ ಹಿಡಿದ ಇಬ್ಬರ ಜೊತೆ ಬಂದರು. ಬೀದಿಯೆಲ್ಲ ನಮ್ಮ ಗೇಟಿನ ಮುಂದೆ ನೆರೆದಿತ್ತು. ಪರರ ಮನೆ ಹೋಗುವುದನ್ನು ನೋಡಲು ಯಾರೂ ತಡವಾಗಿ ಬರುವುದಿಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ. ಹೆಂಡತಿ ಚಿತ್ರವನ್ನು ಎತ್ತಿ ಜಗುಲಿಯ ಮೇಲಿಟ್ಟಳು.

"ಮೊದಲು ಇದನ್ನ ನೋಡಿ. ನಮ್ಮನೆ ಇದೆ."

ಸಾಹೇಬರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. "ನಿನ್ನೆ ಇದು ಇರಲಿಲ್ವಲ್ಲಮ್ಮಾ!"

"ಮೊಹರು ಯಾರದು?"

"ನಮ್ದೇ..."

"ಸಹಿ?"

"ನಂದೇ. ಆದ್ರೆ ಈ ಚಿತ್ರ ತಿದ್ದಿದ್ದಾರೆ! ಇದು ನಡೆಯಲ್ಲ! ಇದನ್ನ ರದ್ದು ಮಾಡಿ ಹೊಸದಾಗಿ ಅಳತೆ ಮಾಡ್ತೀನಿ!"

ಹೊಸದಾಗಿ ಅಳತೆ! ಬೀದಿಯವರ ಮುಖಗಳು ಒಟ್ಟಿಗೇ ಬಿಳಿಚಿದವು. ಅವರೆಲ್ಲ ಹಿಂದಿನ ರಾತ್ರಿ ಒಂದು ವರ್ಷದ ಮೇಲೆ ಹಾಯಾಗಿ ನಿದ್ದೆ ಮಾಡಿದ್ದರು. ಹೆಂಡತಿ ಅವರ ಕಡೆ ತಿರುಗಿದಳು.

"ಹೌದು, ರದ್ದು ಮಾಡಲಿ. ಚಿತ್ರ ಸುಳ್ಳಾದ್ರೆ ಎಲ್ಲರ ಹೆಬ್ಬೆಟ್ಟೂ ಸುಳ್ಳೇ. ಏನಂತೀರಿ?"

ಮೊದಲು ಬೆತ್ತ ಮುಂದೆ ಬಂತು. "ನಿನ್ನೇನೂ ಇತ್ತು ಈ ಮನೆ" ಎಂದರು ಮೀಸೆಯವರು. "ನಾನೇ ಕಣ್ಣಾರೆ ನೋಡಿದ್ದೀನಿ. ಸಾಕ್ಷಿ ಹೇಳೋದು ನನಗೇನು ಹೊಸದಲ್ಲ."

"ಹೌದು ಸಾರ್, ಇತ್ತು" ಎಂದ ದರ್ಜಿ. "ಅಳತೆ ಸಮೇತ ಇತ್ತು."

"ಇತ್ತು, ಇತ್ತು" ಎಂದು ಮೇಡಂ ಸ್ವರ ಎತ್ತಿದರು. ಇಡೀ ಬೀದಿ ಹಿಮ್ಮೇಳ ಹಿಡಿಯಿತು.

ಸಾಹೇಬರು ಗೋಡೆ ಸಿಗದೆ ಗೇಟಿಗೆ ಒರಗಿದರು. "ಆದ್ರೆ ಈ ಮನೆ ರಸ್ತೆಗೆ ಅಡ್ಡ ಇದೆಯಲ್ಲಮ್ಮಾ! ಲಾರಿ ಒಳಗೆ ಹೇಗೆ ಬರತ್ತೆ?"

"ಬರೋದೇ ಇಲ್ಲ. ಬರದೆ ಇರೋ ಲಾರಿಗೆ ತಿರುಗೋ ಜಾಗ ಯಾಕೆ?"

ಸಾಹೇಬರು ತಮ್ಮ ಇಬ್ಬರಿಗೂ ಕೈಸನ್ನೆ ಮಾಡಿದರು. ಕೆಂಪು ಬಣ್ಣದ ಡಬ್ಬಿಯ ಮುಚ್ಚಳ ಮುಚ್ಚಿತು. ಅಂದಿನಿಂದ ಲಾರಿ ಮರದ ಕೆಳಗೇ ನಿಲ್ಲುತ್ತದೆ. ನಾವೆಲ್ಲ ಬೆಳಿಗ್ಗೆ ಬುಟ್ಟಿ ಹಿಡಿದು ಅಲ್ಲಿಗೇ ನಡೆಯುತ್ತೇವೆ. ಮೀಸೆಯವರು ದಾರಿಯಲ್ಲಿ ಸಿಕ್ಕಿದರೆ ನನ್ನ ಹೆಂಡತಿಗೆ ಸಲ್ಯೂಟ್ ಹೊಡೆಯುತ್ತಾರೆ. ನನ್ನ ಹೆಬ್ಬೆಟ್ಟನ್ನು ಒಮ್ಮೆ ನೋಡಿ ಮುಂದೆ ಹೋಗುತ್ತಾರೆ. ಚಿತ್ರ ನಮ್ಮ ಹಜಾರದಲ್ಲಿದೆ. ಅದು ಇನ್ನೂ ಪೂರ್ತಿ ಒಣಗಿಲ್ಲವೆಂದು ಹೆಂಡತಿ ಯಾರನ್ನೂ ಹತ್ತಿರ ಬಿಡುವುದಿಲ್ಲ.

ಇಷ್ಟಕ್ಕೆ ಮುಗಿಯಿತು, ಇನ್ನು ಬ್ರಷ್ಷು ಮುಟ್ಟುವುದಿಲ್ಲ ಎಂದು ನಾನು ಆಣೆ ಮಾಡಿದ್ದೆ. ಮೊನ್ನೆ ಎಂಜಿನಿಯರ್ ಸಾಹೇಬರು ಉಗ್ರಾಣಕ್ಕೆ ತಾವೇ ಬಂದರು. ಬಾಗಿಲು ಮುಂದೆ ಮಾಡಿ, ಪೊರಕೆ ರಾಶಿಯ ಹಿಂದೆ ನನ್ನನ್ನು ಕರೆದುಕೊಂಡು ಹೋದರು. ಅವರ ತುಟಿ ಒಣಗಿತ್ತು.

"ನಮ್ಮ ಬೀದಿಯಲ್ಲೂ ಲಾರಿ ತಿರುಗೋ ಜಾಗಕ್ಕೆ ಮೇಲಿನಿಂದ ಆರ್ಡರ್ ಬಂದಿದೆ ಕಣ್ರೀ. ಯಾವ ಮನೆ ಅಂತ ಗೊತ್ತಿಲ್ಲ. ಹೆಂಡತಿ ಊಟ ಬಿಟ್ಟಿದ್ದಾಳೆ. ಭಾನುವಾರ ಬಂದು ಒಂದು ಚಿತ್ರ ಬರೆದುಕೊಡಿ. ನಮ್ಮನೆ ಮಾತ್ರ ಬಿಡಬೇಡಿ. ದಮ್ಮಯ್ಯ."

ಒಬ್ಬ ಹೆದರಿದವನ ಮುಖ ಇನ್ನೊಬ್ಬ ಹೆದರಿದವನಿಗೆ ಗೊತ್ತಾಗುತ್ತದೆ. ಇಲ್ಲ ಎನ್ನಲು ಬಾಯಿ ಬರಲಿಲ್ಲ.

"ಬರೆಯೋಣ ಸಾರ್" ಎಂದೆ. "ಒಂದೇ ಒಂದು ವಿಷಯ. ನಿಮ್ಮ ಮನೆ ಮುಂದೆ ಮೆಟ್ಟಿಲು ಏನಾದ್ರೂ ಇದೆಯಾ?"

ಅವರ ಮುಖದಲ್ಲಿ ಸ್ವಲ್ಪ ಹೆಮ್ಮೆ ಕಾಣಿಸಿತು. ತೋರುಬೆರಳನ್ನು ಎತ್ತಿ, ಗಾಳಿಯಲ್ಲಿ ಸುತ್ತುತ್ತಾ ಸುತ್ತುತ್ತಾ ತಲೆಯ ಮೇಲಿನವರೆಗೆ ಒಯ್ದರು.